ಬಸ್ತ್ಯಾಂವನ ಕರೆಜ್ಮ

ದುರ್ಗಪ್ಪ ಮುಕಾದಮ ಬೇಲಿಯಾಚೆಯೇ ನಿಂತು ಹೆಸರು ಕೂಗುತ್ತಿದ್ದ. ಸಿದ್ದಿಗಳ ಕೇರಿ, ಆ ವಾಡೆಯೊಳಗೆ ಕಾಲಿಡುವ ರೂಢಿ ಅವನಿಗಿರಲಿಲ್ಲ. ಕಾಡಿನಿಂದ ನಾಟಾ, ಕಡಿದ ಮರದ ದಿಮ್ಮಿ, ಸಾಗಿಸಲು ಆಳು ಬೇಕಾದಾಗಲೂ ಹೀಗೆಯೇ, ಗೂಟಕ್ಕೆ ಸೈಕಲ್ಲು ಒರಗಿಸಿ, ಸಂತೆಯಲ್ಲಿ ದನ ಆರಿಸುವವನಂತೆ ಬೆರಳು ತೋರಿಸುತ್ತ ಕೂಗುವುದು. ಇವತ್ತು ಮಾತ್ರ ಅವನು ಕೂಗುತ್ತಿದ್ದದ್ದು ಕೆಲಸಕ್ಕಲ್ಲ, ಊಟಕ್ಕೆ.

ಮಾರ್ಗರೀಟಾ ಅಂಗಳದ ಶಿಲುಬೆಯ ಬುಡ ಸಾರಿಸುತ್ತಿದ್ದಳು. ತನ್ನ ಹೆಸರು ಕೇಳಿಸಿದಾಗ ಸೆಗಣಿಯ ಕೈಯಲ್ಲೇ ತಲೆಯೆತ್ತಿದಳು.

"ನನ್ನ ಹೆಸರ ತಪ್ಪಿ ಬಂತೇನ, ದುರ್ಗಪ್ಪ?"

"ತಪ್ಪಿಲ್ಲ. ಸಾವಕಾರ್ರ ತಾಯಿ, ದೊಡ್ಡಬಾಯಾರ, ನಿನ್ನ ಹೆಸರ ಹೇಳ್ಯಾರ" ಎಂದ ದುರ್ಗಪ್ಪ. ಅವನು ಅವಳ ಮುಖ ನೋಡಲಿಲ್ಲ. ಸೈಕಲ್ಲಿನ ಗಂಟೆ ಒರೆಸುತ್ತ ಹೇಳಿದ. "ಉಪಾಸ ಹಿಡದ ವಿಧವಿ ಒಬ್ಬಾಕಿ ಇರಬೇಕಂತ. ಅಂಥಾ ಬಾಯಿ ಸ್ವಚ್ಛ ಇರ್ತೈತಂತ."

ಕಾಯತಾನ ಸಾವಕಾರನ ಮಗ ಲಾರೆನ್ಸನಿಗೆ ಮದುವೆ. ಕಾಯತಾನನ ಹಿರಿಯರು ಗೋವೆಯಿಂದ ಅನಮೋಡದ ಘಾಟು ಹತ್ತಿ ಬಂದವರು. ಬರುವಾಗ ತಮ್ಮ ಸಂತರ ಮೂರ್ತಿಗಳ ಜೊತೆಗೆ ಒಂದು ಪದ್ಧತಿಯನ್ನೂ ತಂದಿದ್ದರು. ಮದುವೆಯ ಹಿಂದಿನ ದಿನ ಮನೆಯಲ್ಲಿ ಸತ್ತವರ ಹೆಸರು ಹಿಡಿದು ಬಡವರನ್ನು ಉಣಿಸಬೇಕು. ಒಂದೊಂದು ಎಲೆಗೆ ಒಬ್ಬೊಬ್ಬ ಸತ್ತವನ ಹೆಸರು. ಊಟವಾದ ಮೇಲೆ ಯಜಮಾನನೇ ಪ್ರತಿ ಎಲೆಯ ಮುಂದೆ ಬಗ್ಗಿ, ಹೊಟ್ಟೆ ತುಂಬಿತೇ ಎಂದು ಕೇಳಬೇಕು. ತುಂಬಿತು ಎಂಬ ಮಾತು ಉಂಡವರ ಬಾಯಿಂದ ಬಂದರೆ ಸತ್ತವರು ತೃಪ್ತಿಯಾಗಿ ಹೋದರೆಂದು ಅರ್ಥ. ಪ್ರತಿ ಎಲೆಯಿಂದಲೂ ಆ ಮಾತು ಬರುವ ತನಕ ಮನೆಯವರು, ನೆಂಟರು, ಒಬ್ಬರೂ ಊಟ ಮುಟ್ಟುವಂತಿಲ್ಲ. ಮದುಮಗನ ಮೈಗೆ ತೆಂಗಿನಹಾಲು ಎರೆಯುವ ರೋಸ ಶುರುವಾಗುವಂತಿಲ್ಲ. ಆ ಊಟದ ಹೆಸರು ಭಿಕಾರಿಗಳ ಊಟ.

ವಾಡೆಯಲ್ಲಿ ಭಿಕಾರಿಗಳು ಯಾರೂ ಇರಲಿಲ್ಲ. ಅದೇ ಕಾಯತಾನನ ನಾಟಾಗಳ ಕೆಳಗೆ ಹೆಗಲು ಕೊಟ್ಟು, ಅವನ ಲಾರಿಗಳನ್ನು ದಾಂಡೇಲಿಯ ಡಿಪೋಕ್ಕೆ ತುಂಬಿ ಕಳಿಸಿ, ಕೆಮ್ಮುತ್ತ ಮನೆಗೆ ಬರುವ ಜನ ಇದ್ದರು. ಅವರ ಬೆವರಿನಿಂದ ಮನೆಗೆ ಮಂಗಳೂರು ಹೆಂಚು ಹೊದಿಸಿದವನು ಮಗನ ಮದುವೆಗೆ ಅವರನ್ನೇ ಭಿಕಾರಿಗಳೆಂದು ಕರೆಸುತ್ತಿದ್ದ. ಪದ್ಧತಿಗೆ ಯಾರಾದರೂ ಬೇಕಲ್ಲ.

ದುರ್ಗಪ್ಪ ಹೋದ ಮೇಲೆ ಪಕ್ಕದ ಮನೆಯ ರಜಿಯಾ ಬೇಲಿ ದಾಟಿ ಬಂದಳು. ದುರ್ಗಪ್ಪ ಅವಳ ಹೆಸರನ್ನೂ ಕೂಗಿದ್ದ. ಸಿದ್ದಿಗಳೊಳಗೆ ಅವಳು ಮುಸಲ್ಮಾನಳು, ಇವಳು ಕ್ರೈಸ್ತಳು. ಬಾವಿ, ಹಗ್ಗ, ಉಪ್ಪು ಮೂರೂ ಇಬ್ಬರಿಗೂ ಒಂದೇ.

"ನನ್ನ ಎಲಿಗೆ ಹಂದಿ ಬಂತಂದ್ರ ಅವರ ಸತ್ತವ್ರನ್ನೆಲ್ಲಾ ಸೀದಾ ನರಕಕ್ಕ ಕಳಸ್ತೇನಿ ನೋಡ" ಅಂದಳು ರಜಿಯಾ. ಆಮೇಲೆ ನಗು ನಿಲ್ಲಿಸಿ, "ನೀ ಹೊಕ್ಕಿಯೇನಬೇ ಮಾರ್ಗಿ? ಆ ಮನಿಗೆ?" ಎಂದು ಕೇಳಿದಳು.

ಮಾರ್ಗರೀಟಾ ಶಿಲುಬೆಯ ಬುಡದ ಕೊನೆಯ ಮೂಲೆಯನ್ನೂ ಸಾರಿಸಿ ಮುಗಿಸಿದಳು. "ಇಷ್ಟು ವರ್ಷ ಕಾದದ್ದು ಯಾಕ ಮತ್ತ" ಅಂದಳು.

ಅವಳ ಗಂಡ ಬಸ್ತ್ಯಾಂವ ಸತ್ತದ್ದು ಕರೆಜ್ಮದಲ್ಲಿ, ಯೇಸು ಸತ್ತು ಎದ್ದ ಪಾಸ್ಕದ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲದಲ್ಲಿ. ಕುಡಿಯುತ್ತಿದ್ದವನೇ ಅವನು, ಸುಳ್ಳು ಯಾಕೆ. ಆದರೆ ಆ ವರ್ಷ ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವನು ಅಂಗಳದ ಇದೇ ಶಿಲುಬೆಯ ಮೇಲೆ ಕೈಯಿಟ್ಟು, ಪಾಸ್ಕದ ಬೆಳಗಿನ ತನಕ ಸಾರಾಯಿಯಿಲ್ಲ, ಮಾಂಸವಿಲ್ಲ ಎಂದು ಹರಕೆ ಹೊತ್ತಿದ್ದ. ಸಂಜೆಯಾದರೆ ಸಾರಾಯಿ ಅಂಗಡಿಯ ದಾರಿ ತಪ್ಪಿಸಿ, ಹಳ್ಳಕ್ಕೆ ಹೋಗಿ ಕುತ್ತಿಗೆಯವರೆಗೆ ನೀರಿನಲ್ಲಿ ಕೂರುತ್ತಿದ್ದ. ದೇವರ ಜೊತೆಗೆ ಮೊದಲ ಸಲ ಒಂದು ಮಾತು ಆಡಿದ್ದೇನೆ, ಉಳಿಸಿಕೊಳ್ಳಬೇಕು ಅನ್ನುತ್ತಿದ್ದ.

ಲಾರಿಗೆ ನಾಟಾ ಏರಿಸುವ ಸರಪಳಿಯ ಕೊಂಡಿ ಸವೆದಿದೆ ಎಂದು ಸತ್ತ ದಿನ ಬೆಳಿಗ್ಗೆಯೇ ಅವನು ಸಾವಕಾರನಿಗೆ ಹೇಳಿದ್ದನಂತೆ. ಇವತ್ತೊಂದು ಲೋಡು ಹೋಗಲಿ ಎಂದನಂತೆ ಕಾಯತಾನ. ಹೊತ್ತು ಇಳಿಯುವಾಗ ಕೊಂಡಿ ಬಿಟ್ಟಿತು. ಸಾಗವಾನಿಯ ದೊಡ್ಡ ನಾಟಾ ಬಸ್ತ್ಯಾಂವನ ಎದೆಯ ಮೇಲಿಂದ ಉರುಳಿಹೋಯಿತು.

ಹೆಣ ಮನೆಗೆ ಬಂದಾಗ ಅಂಗಿಯಿಂದ ಸಾರಾಯಿಯ ನಾತ ಬರುತ್ತಿತ್ತು. ಕುಡಿದು ಕೆಳಗೆ ಬಿದ್ದ, ನಾಟಾದ ಅಡ್ಡ ಬಿದ್ದ ಎಂದು ಕಾಯತಾನ ಪೋಲೀಸರಿಗೂ ಪಾದ್ರಿಗೂ ಹೇಳಿಯಾಗಿತ್ತು. ಆದರೆ ಹೆಣಕ್ಕೆ ನೀರು ಹಾಕಿದವಳು ಮಾರ್ಗರೀಟಾ. ತುಟಿ ಬಿಡಿಸಿ ಬಾಯಿ ತೊಳೆದವಳು ಅವಳು. ಅಂಗಿ ನಾರುತ್ತಿತ್ತು, ಬಾಯಿ ನಾರುತ್ತಿರಲಿಲ್ಲ. ಸಾರಾಯಿ ಇದ್ದದ್ದು ಕಾಲರಿನಲ್ಲಿ, ಎದೆಯ ಬಟ್ಟೆಯಲ್ಲಿ, ಸತ್ತವನ ಕೂದಲಲ್ಲಿ. ಗಂಟಲಿನಲ್ಲಿ ಇರಲಿಲ್ಲ. ಆಮೇಲೆ ರಜಿಯಾಳ ಗಂಡ ಕಣ್ಣಾರೆ ಕಂಡದ್ದನ್ನು ರಜಿಯಾಳಿಗೆ ಹೇಳಿ, ರಜಿಯಾ ಬಾವಿಯ ಕಟ್ಟೆಯ ಮೇಲೆ ಇವಳಿಗೆ ಹೇಳಿದಳು: ದುರ್ಗಪ್ಪ ಲಾರಿಯ ಸೀಟಿನಡಿಯಿಂದ ಬಾಟಲಿ ತೆಗೆದು ಸತ್ತವನ ಮೇಲೆ ಸುರಿದ, ಸಾವಕಾರ ಪಕ್ಕದಲ್ಲೇ ನಿಂತಿದ್ದ. ನಾಳೆ ಬೆಳಗಾದರೆ ಅದೇ ಸಾವಕಾರನ ಕೆಲಸಕ್ಕೆ ಹೋಗಬೇಕಾದ ಜನ. ಇಡೀ ವಾಡೆಗೆ ಗೊತ್ತಿದ್ದ ಮಾತನ್ನು ವಾಡೆಯ ಹೊರಗೆ ಯಾರೂ ಆಡಲಿಲ್ಲ.

ಪಾದ್ರಿ ಸಮಾಧಿಯ ಮುಂದೆ, ಕರೆಜ್ಮದ ಹರಕೆ ಮುರಿದು ಸತ್ತ ಈ ಬಡಪಾಯಿಗೂ ದೇವರು ಕರುಣೆ ತೋರಲಿ ಎಂದು ಪ್ರಾರ್ಥಿಸಿದ. ಮಾರ್ಗರೀಟಾಳಿಗೆ ಗಂಡ ಸತ್ತದ್ದಕ್ಕಿಂತ ಆಳವಾಗಿ ನಾಟಿದ್ದು ಆ ಪ್ರಾರ್ಥನೆ. ಕೊಂದದ್ದು ಸಾಲದೆ ಅವನನ್ನು ದೇವರ ಮುಂದೆ ಸುಳ್ಳುಗಾರನನ್ನಾಗಿ ಮಾಡಿ ಕಳಿಸಿದ್ದರು.

ಮೂರನೆಯ ದಿನ ಅವಳು ಶಿಲುಬೆಯ ಮೇಲೆ ಕೈಯಿಟ್ಟಳು. ಬಸ್ತ್ಯಾಂವನ ಕರೆಜ್ಮ ಅರ್ಧಕ್ಕೆ ನಿಂತಿದೆ, ಉಳಿದದ್ದು ನನ್ನದು, ಅವನು ಮಾತು ಮುರಿಯಲಿಲ್ಲ ಎಂದು ಕೊಂದವನ ಬಾಯಿಂದಲೇ ಬರುವ ತನಕ ನನಗೆ ಪಾಸ್ಕವಿಲ್ಲ ಎಂದಳು. ಆಮೇಲೆ ಪಾಸ್ಕಗಳು ಬಂದವು, ಯೇಸು ಹುಟ್ಟಿದ ನಾತಾಳಗಳು ಬಂದವು, ವಾಡೆಯವರು ಕಾಡುಹಂದಿ ಹೊಡೆದು ತಂದು ಪಾಲು ಹಾಕಿದ ಮಳೆಗಾಲಗಳು ಬಂದವು. ಅವಳ ಒಲೆಯ ಮೇಲೆ ಗಂಜಿ, ಕೆಸುವಿನ ದಂಟು, ಹುರುಳಿ. ಭಾನುವಾರದ ಜಪ ಒಂದೂ ತಪ್ಪಲಿಲ್ಲ. ಪಾದ್ರಿ ಜೀಪಿನಲ್ಲಿ ತಿಂಗಳಿಗೊಮ್ಮೆ ಬಂದು ಮಿಸಾ ಪೂಜೆ ಮಾಡುವಾಗ ಮುಂದಿನ ಬೆಂಚಿನಲ್ಲಿ ಕಾಯತಾನನ ಮನೆಯವರು, ಹಿಂದೆ ನೆಲದ ಮೇಲೆ ಸಿದ್ದಿಗಳು. ಕಾಯತಾನನ ಬೋಳು ತಲೆ ನೋಡುತ್ತ ಅವಳು ಮೊಣಕಾಲೂರಿ ಕೂರುತ್ತಿದ್ದಳು. ಪಾಪನಿವೇದನೆಗೂ ಹೋಗುತ್ತಿದ್ದಳು. ಪ್ರತಿ ಸಲ ಒಂದೇ ಪಾಪ.

"ಕಾಯತಾನನ ಮ್ಯಾಲ ನಾಟಾ ಬೀಳಲಿ ಅಂತ ಬೇಡಕೊಂಡೇನ್ರಿ, ಪಾದ್ರಿಬಾ."

"ಹೋದ ತಿಂಗಳೂ ಇದನ್ನೇ ಹೇಳಿದಿ. ನಿನ್ನ ಮನಸ್ಸು ಬದಲಾಗಲಿಲ್ಲೇನು, ಬಾಯಿ?"

"ಆ ಮನಷಾನೂ ಬದಲಾಗಿಲ್ರಿ."

ಕ್ಷಮಿಸದವಳಿಗೆ ಪಾಪವಿಮೋಚನೆ ಇಲ್ಲ ಎನ್ನುತ್ತಿದ್ದ ಪಾದ್ರಿ. ಹಾಗಾಗಿ ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಹೋದಾಗ ಅವಳು ಕೂತಲ್ಲೇ ಕೂರುತ್ತಿದ್ದಳು. ಕ್ಷಮಿಸಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ದೇವರಿಗೆ ಸುಳ್ಳು ಹೇಳಿದವನ ಹೆಂಡತಿ ಎಂದು ಊರು ಕರೆಯುತ್ತಿತ್ತಲ್ಲ, ಅದಕ್ಕೇ ಅವಳು ಹೇಳಲಿಲ್ಲ. ಪಾಸ್ಕದ ದಿನ ಪಾದ್ರಿ ಗದರುತ್ತಿದ್ದ: ಸ್ವಾಮಿ ಎದ್ದು ಬಂದಾನೆ, ಇನ್ನಾದರೂ ಉಪವಾಸ ಬಿಡು. ನಿಮಗ ಎದ್ದು ಬಂದಾನ್ರಿ ಎಂದು ಅವಳು ಸೆರಗು ಸರಿಮಾಡಿಕೊಂಡು ನಡೆಯುತ್ತಿದ್ದಳು. ಕಾಯಬೇಕು, ತಾಳಬೇಕು, ದೇವರಿದ್ದಾನೆ ಎಂದು ಬಡವರಿಗೆ ಹೇಳುವುದು ಸುಲಭ. ಕಾಯುವವಳ ಕೈಯಲ್ಲಿ ಏನು ಹರಿತವಾಗುತ್ತಿದೆ ಎಂಬುದನ್ನು ಹಾಗೆ ಹೇಳುವವರು ನೋಡಿರುವುದಿಲ್ಲ.

ಕಾಯತಾನನ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಮೇ ತಿಂಗಳ ಬಿಸಿಲು ಗರಿಗಳ ಸಂದಿಯಿಂದ ಬಿದ್ದು ಬಾಳೆಲೆಗಳ ಮೇಲೆ ಚೂರುಚೂರಾಗಿತ್ತು. ಗೋವೆಯಿಂದ ಬಸ್ಸು ಮಾಡಿಕೊಂಡು ಬಂದ ನೆಂಟರು ಜಗಲಿಯ ಕುರ್ಚಿಗಳಲ್ಲಿ ಕೂತಿದ್ದರು. ಗಂಡಸರಿಗೆ ಕೋಟು, ಹೆಂಗಸರಿಗೆ ಮೊಣಕಾಲುದ್ದದ ಫ್ರಾಕು, ಎಲ್ಲರ ಹೊಟ್ಟೆಯೂ ಖಾಲಿ. ಮಧ್ಯದಲ್ಲಿ ಪಾದ್ರಿ. ಚಪ್ಪರದ ಮೂಲೆಯಲ್ಲಿ ರೋಸಕ್ಕೆಂದು ಹಿಂಡಿದ ತೆಂಗಿನಹಾಲು ಕಂಚಿನ ಪಾತ್ರೆಯಲ್ಲಿತ್ತು. ಮದುಮಗ ಲಾರೆನ್ಸ್ ಬರಿ ಮೈಯಲ್ಲಿ, ಹೆಗಲಿಗೆ ಟವೆಲು ಹಾಕಿಕೊಂಡು, ತಯಾರಾಗಿ ನಿಂತಿದ್ದ.

ಕಾಯತಾನನ ಮುದಿ ತಾಯಿ ಕ್ರಿಸ್ತಿನಾಬಾಯಿ ಕೋಲೂರಿಕೊಂಡು ತಾನೇ ಎಲೆ ತೋರಿಸಿ ಕೂರಿಸುತ್ತಿದ್ದಳು. ಮಾರ್ಗರೀಟಾಳನ್ನು ಸಾಲಿನ ಮೊದಲ ಎಲೆಗೆ ಕರೆದಳು. "ಇದು ನಮ್ಮ ಇವರ ಜಾಗಾ. ಕಾಯತಾನನ ಪಪ್ಪಂದು. ನಿನ್ನಂಥಾ ಉಪಾಸದಾಕಿ ಉಂಡ್ರ ಅವರಿಗೆ ಮುಟ್ಟತೈತಿ. ನಿನಗ ಬ್ಯಾರೆ ಬ್ಯಾಳಿ ಮಾಡ್ಸೇನಿ, ಮಾಂಸದ ಸೌಟ ಹಚ್ಚಿಲ್ಲ." ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಮಗ ಏನು ಮಾಡಿದ್ದನೆಂದು ಆ ಮುದುಕಿಗೆ ಯಾರೂ ಹೇಳಿರಲಿಲ್ಲ.

ಕಾಯತಾನ ಅವಳನ್ನು ನೋಡಿದ್ದು ಆಗಲೇ. ಎಬ್ಬಿಸಲು ಒಂದು ಹೆಜ್ಜೆ ಮುಂದೆ ಬಂದ. ಎಲೆಯ ಮುಂದೆ ಕೂತವರನ್ನು ಎಬ್ಬಿಸಿದರೆ ಸತ್ತವರನ್ನೇ ಎಬ್ಬಿಸಿ ಓಡಿಸಿದಂತೆ. ಹಿಂದೆ ಸರಿದು ನಿಂತ.

ಪಾದ್ರಿ ಪ್ರಾರ್ಥನೆ ಹೇಳಿ ಮುಗಿಸಿದ. ಪದ್ಧತಿಯ ಪ್ರಕಾರ ಮೊದಲು ಪ್ರತಿ ಎಲೆಯ ಪಕ್ಕ ಒಂದು ಗುಟುಕು ಗೋವೆಯ ಸಾರಾಯಿ, ಫೆಣಿ. ದುರ್ಗಪ್ಪ ಬಾಟಲಿ ಹಿಡಿದು ಬಂದ. ಮಾರ್ಗರೀಟಾಳ ಗ್ಲಾಸಿಗೆ ಬಗ್ಗುವಾಗ ಅವಳು ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿದಳು.

"ಗ್ಲಾಸಿಗೆ ಬ್ಯಾಡ, ದುರ್ಗಪ್ಪ. ಅಂಗಿ ಮ್ಯಾಲ ಹಾಕು. ನಿನಗ ರೂಢಿ ಐತೆಲ್ಲ."

ಅವಳು ದನಿ ಏರಿಸಲಿಲ್ಲ. ಆದರೆ ಚಪ್ಪರದ ಆ ತುದಿಯವರೆಗೂ ಕೇಳಿಸಿತು. ದುರ್ಗಪ್ಪನ ಕೈಯ ಬಾಟಲಿ ಎಲೆಗೆ ತಾಗಿ ಎಲೆ ಹರಿಯಿತು. ಇವಳೇನು ಹೇಳುತ್ತಿದ್ದಾಳೆ ಎಂದು ಕ್ರಿಸ್ತಿನಾಬಾಯಿ ಕೇಳಿದಳು. ಏನಿಲ್ಲ ಆಯಿ, ಬಿಸಿಲಿಗೆ ತಲೆ ತಿರುಗಿರಬೇಕು ಎಂದ ಕಾಯತಾನ. ಹೊಸ ಎಲೆ ಹಾಸಿದರು. ಅನ್ನ ಬಂತು, ಬೇಳೆ ಬಂತು. ಉಳಿದವರ ಎಲೆಗೆ ಹಂದಿಮಾಂಸ, ರಜಿಯಾಳಂಥವರಿಗೆ ಬೇರೆ ಪಾತ್ರೆಯಿಂದ ಕುರಿ. ಸಾಲು ಉಣ್ಣತೊಡಗಿತು. ಮಾರ್ಗರೀಟಾ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕೂತಳು.

ಉಣ್ಣು ಎಂದು ಮುದುಕಿ ಬಗ್ಗಿ ಹೇಳಿದಳು. ಉಪ್ಪು ಕಡಿಮೆಯಾಯಿತೇ ಎಂದು ಕೇಳಿದಳು. ಪಾದ್ರಿ ಜಗಲಿಯಿಂದಿಳಿದು ಬಂದು, ಅನ್ನದ ಮುಂದೆ ಸಿಟ್ಟು ಬೇಡ, ಇದು ಸತ್ತವರ ಅನ್ನ ಎಂದು ಮೆಲ್ಲಗೆ ಗದರಿದ.

"ನನ್ನ ಗಂಡನೂ ಸತ್ತವನ ರೀ, ಪಾದ್ರಿಬಾ. ಅವನ ಎಲಿ ಎಲ್ಲೈತಿ?"

ಅವಳು ಕಾಯತಾನನ ಕಡೆ ತಿರುಗಿದಳು. "ಸಾವಕಾರ್ರ, ಒಂದ ಮಾತ ಹೇಳ್ರಿ, ಉಣ್ತೇನಿ. ಬಸ್ತ್ಯಾಂವ ಕುಡದಿದ್ನೋ, ಇಲ್ಲೋ?"

ಜಗಲಿಯ ಕುರ್ಚಿಗಳು ಕಿರುಗುಟ್ಟಿದವು. ಇದೇನು ಎಂದು ಗೋವೆಯ ನೆಂಟರು ಕೊಂಕಣಿಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡರು. ಕಾಯತಾನ ನಕ್ಕ. ಹಳೇ ಕೂಲಿಯವನ ಹೆಂಡತಿ, ಗಂಡ ಹೋದಾಗಿನಿಂದ ಹೀಗೆ ಎಂದು ನೆಂಟರಿಗೆ ವಿವರಿಸಿದ. ಅವಳ ಕಡೆ ಬಗ್ಗಿ ಹಲ್ಲು ಕಚ್ಚಿ, ಊಟ ಮಾಡಿ ಎದ್ದು ಹೋಗು, ಇಲ್ಲದಿದ್ದರೆ ನಾಳೆಯಿಂದ ವಾಡೆಯ ಒಬ್ಬನಿಗೂ ಕೆಲಸವಿಲ್ಲ ಎಂದ. ಅದನ್ನು ಅವನು ಹೇಳಬಾರದಿತ್ತು. ಪಕ್ಕದ ಎಲೆಯಲ್ಲಿ ರಜಿಯಾ ಕೂತಿದ್ದಳು.

ರಜಿಯಾ ಬಾಯಿಯಲ್ಲಿದ್ದ ತುತ್ತು ನುಂಗಿದಳು. ಕೈಯನ್ನು ಎಲೆಯ ಅಂಚಿಗೆ ಒರೆಸಿ ಹಿಂದೆ ತೆಗೆದಳು. "ನನ್ನ ಗಂಡ ಕಂಡಾನ" ಅಂದಳು. "ಸರಪಳಿ ಹರದದ್ದೂ ಕಂಡಾನ, ಈ ದುರ್ಗ್ಯಾ ಬಾಟ್ಲಿ ಸುರುವಿದ್ದೂ ಕಂಡಾನ. ಕೆಲಸ ಕೊಡಬ್ಯಾಡ್ರಿ. ಕೆಮ್ಮಾಕ ನಿಮ್ಮ ಕೆಲಸನ ಬೇಕಂತೇನಿಲ್ಲ."

ಅವಳ ಆಚೆಯ ಎಲೆಯಲ್ಲಿ ಕೈ ನಿಂತಿತು. ಅದರಾಚೆಯ ಎಲೆಯಲ್ಲೂ. ಯಾರೂ ಏಳಲಿಲ್ಲ, ಯಾರೂ ಕೂಗಲಿಲ್ಲ. ಭಿಕಾರಿಗಳೆಂದು ಕರೆಸಿಕೊಂಡ ಜನ ಹಂದಿಮಾಂಸದ ಎಲೆಯ ಮುಂದೆ ಕೈಕಟ್ಟಿ ಕೂತರು. ಅವರಿಗೆ ಹಸಿವು ಹೊಸದಲ್ಲ. ಹಸಿವು ಹೊಸದಾದದ್ದು ಜಗಲಿಯ ಮೇಲಿದ್ದವರಿಗೆ.

ಹೊತ್ತು ಹೋಯಿತು. ಎಲೆಗಳ ಅಂಚು ಬಾಡಿ ಮಡಚಿತು. ಗೋವೆಯ ಒಬ್ಬ ಮುದುಕ ತಲೆ ಸುತ್ತುತ್ತಿದೆ ಎಂದು ಒಳಗೆ ಹೋಗಿ ಮಲಗಿದ. ಮಕ್ಕಳು ಅಡುಗೆಮನೆಯ ಬಾಗಿಲಲ್ಲಿ ಅಳತೊಡಗಿದವು. ಅವುಗಳಿಗೆ ರೊಟ್ಟಿ ಕೊಡಲು ಹೋದ ಕಾಯತಾನನ ಹೆಂಡತಿಯ ಕೈಗೆ ಕ್ರಿಸ್ತಿನಾಬಾಯಿ ಕೋಲಿನಿಂದ ತಟ್ಟಿದಳು. ತೆಂಗಿನಹಾಲಿನ ಪಾತ್ರೆಯ ಮೇಲೆ ನೊಣಗಳು ಕೂತೇಳುತ್ತಿದ್ದವು. ಲಾರೆನ್ಸ್ ಟವೆಲಿನಿಂದ ಅವುಗಳನ್ನು ಅಟ್ಟಿ ಅಟ್ಟಿ ಕೊನೆಗೆ ಬಿಟ್ಟುಬಿಟ್ಟ. ಮಾರ್ಗರೀಟಾ ಕರೆಜ್ಮದ ಜಪವನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಕೂತಿದ್ದಳು. ಕಾಯುವುದು ಹೇಗೆಂದು ಆ ಚಪ್ಪರದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಕಾಯತಾನ ಮೊದಲು ದುರ್ಗಪ್ಪನನ್ನು ಮುಂದೆ ದೂಡಿದ. ಏನಾದರೂ ಆಗಿದ್ದರೆ ಇವನದೇ ಕೆಲಸ, ನನಗೆ ತಿಳಿಯದೆ ಮಾಡಿದ್ದು ಎಂದ. ದುರ್ಗಪ್ಪ ಬಾಟಲಿಯನ್ನು ನೆಲಕ್ಕಿಟ್ಟ. ಇಷ್ಟು ವರ್ಷ ಸಾವಕಾರನ ಮುಂದೆ ಬಗ್ಗಿದ್ದ ಬೆನ್ನು ಅವನದು. ಅಂದು ಏಕೋ ಪೂರ್ತಿ ಬಗ್ಗಲಿಲ್ಲ.

"ನೀವ ಹೇಳಿದ್ರೆಲ್ರಿ" ಅಂದ. "ಬಾಟ್ಲಿನೂ ನಿಮ್ದ ಇತ್ತ."

ಕ್ರಿಸ್ತಿನಾಬಾಯಿ ಕೋಲೂರಿಕೊಂಡು ಮಗನ ಎದುರು ಬಂದು ನಿಂತಳು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹುಡುಗನಾಗಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದಾಗಲೂ ಆ ಮುಖ ಹೀಗೇ ಆಗುತ್ತಿತ್ತೇನೋ. "ಕಾಯತಾನ" ಎಂದಳು. "ನಿನ್ನ ಪಪ್ಪ ಆ ಎಲಿ ಮುಂದ ಹಸದ ಕುಂತಾರ. ಹೇಳು."

ಕಾಯತಾನ ಪಾದ್ರಿಯನ್ನು ನೋಡಿದ. ಪಾದ್ರಿ ತನ್ನ ಕಾಲಿನ ಚಪ್ಪಲಿ ನೋಡಿಕೊಂಡ. ಬೀಗರಾಗುವವರ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ಕುರ್ಚಿಯಿಂದ ಎದ್ದು ನಿಂತಿದ್ದಳು.

"ಕುಡಿದಿರಲಿಲ್ಲ" ಎಂದ ಕಾಯತಾನ, ನೆಲಕ್ಕೆ.

"ಆ ಕಡೇ ಎಲಿ ತನಕ ಕೇಳಬೇಕ್ರಿ" ಅಂದಳು ಮಾರ್ಗರೀಟಾ. "ಅವನ ಹೆಸರ ಹಿಡದ ಹೇಳ್ರಿ. ಅಂದೂ ಹೆಸರ ಹಿಡದ ಹೇಳಿದ್ರಿ."

"ಬಸ್ತ್ಯಾಂವ ಕುಡಿದಿರಲಿಲ್ಲ." ಅವನು ಸಾಲಿನ ಕಡೆ ತಿರುಗಿ ಹೇಳಿದ. "ಸರಪಳಿಯ ಕೊಂಡಿ ಸವೆದಿತ್ತು. ಹೇಳಿದ್ದ. ನಾನು ಕೇಳಲಿಲ್ಲ. ದಾರು ನಾವು ಹಾಕಿದ್ದು."

"ಕರೆಜ್ಮ?"

"ಅವನು ಕರೆಜ್ಮ ಮುರಿಯಲಿಲ್ಲ."

ಚಪ್ಪರದಲ್ಲಿ ಗರಿಗಳು ಗಾಳಿಗೆ ಸದ್ದು ಮಾಡಿದವು. ಪಾದ್ರಿಗೆ ಆಗ ದನಿ ಬಂತು. ಅವನು ತಪ್ಪೊಪ್ಪಿಕೊಂಡಿದ್ದಾನೆ, ಇನ್ನು ನೀನೂ ಕ್ಷಮಿಸಿದೆ ಎಂದು ಒಂದು ಮಾತು ಹೇಳಿಬಿಡು, ದೇವರು ಇದನ್ನೇ ಕಾಯುತ್ತಿದ್ದ ಎಂದ.

"ಕಾಯಲಿ ತಡೀರಿ" ಅಂದಳು ಅವಳು. "ಮೊದಲ ಉಣ್ತೇನಿ."

ಅವಳು ಹಣೆ, ಎದೆ, ಎರಡೂ ಹೆಗಲು ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡಳು. ಬೇಳೆಯ ಬಟ್ಟಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ಮಾಂಸ ಹಾಕಲು ಹೇಳಿದಳು. ಬಡಿಸುವವನು ಕ್ರಿಸ್ತಿನಾಬಾಯಿಯ ಮುಖ ನೋಡಿ, ಅವಳು ತಲೆಯಾಡಿಸಿದ ಮೇಲೆ ಹಾಕಿದ. ಮಾರ್ಗರೀಟಾ ಮೊದಲ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾಲಿಗೆಗೆ ಅದರ ರುಚಿ ಮರೆತಿತ್ತು. ಕೊಬ್ಬು, ವಿನೆಗರು, ಮೆಣಸು ಒಂದೊಂದಾಗಿ ನೆನಪಿಗೆ ಬಂದವು. ರಜಿಯಾ ತನ್ನ ಎಲೆಗೆ ಕೈ ಹಾಕಿದಳು. ಸಾಲು ಮತ್ತೆ ಉಣ್ಣತೊಡಗಿತು.

ಅವಳು ಅವಸರ ಮಾಡಲಿಲ್ಲ. ಎಲುಬನ್ನು ಚೀಪಿ ಎಲೆಯ ತುದಿಗೆ ಸಾಲಾಗಿ ಇಟ್ಟಳು. ಅನ್ನವನ್ನು ಸಣ್ಣ ಸಣ್ಣ ತುತ್ತು ಮಾಡಿ ಉಂಡಳು. ಉಳಿದವರೆಲ್ಲ ಉಂಡು, ಕಾಯತಾನ ಬಗ್ಗಿ ಕೇಳಿದಾಗ ತುಂಬಿತು ತುಂಬಿತು ಎಂದು ಹೇಳಿ ಎದ್ದು ಕೈತೊಳೆದು ಬಂದು, ಅವಳ ಹಿಂದೆ ನಿಂತರು. ಕಂಚಿನ ಪಾತ್ರೆಯಲ್ಲಿ ಹಾಲು ಒಡೆದು ಮೇಲೆ ಗಟ್ಟಿಯಾಗಿ, ಕೆಳಗೆ ನೀರಾಗಿ ನಿಂತಿತ್ತು. ಬಿಸಿಲು ಚಪ್ಪರದ ಕಂಬ ದಾಟಿ ಕಾಯತಾನನ ಬರಿ ತಲೆಗೆ ಬಿತ್ತು.

ಕೊನೆಗೆ ಅವನು ಅವಳ ಎಲೆಯ ಮುಂದೆ ಬಂದು, ಪದ್ಧತಿಯ ಪ್ರಕಾರ ಬಗ್ಗಿದ.

"ಹೊಟ್ಟಿ ತುಂಬಿತೇನ?"

ಮಾರ್ಗರೀಟಾ ಅವನ ಮುಖ ನೋಡಿದಳು. ಎಲೆಯ ಮೇಲೆ ಒಂದು ಅಗುಳೂ ಉಳಿದಿರಲಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ಎಲೆಯನ್ನು ಅವನ ಕಡೆಗೆ ಸ್ವಲ್ಪ ಸರಿಸಿದಳು.

"ಇನ್ನೊಂದೀಟ ಹಾಕ್ರಿ" ಅಂದಳು.

ಬಡಿಸುವವನು ಪಾತ್ರೆ ತಂದ. ಅವಳು ಅವನಿಗೆ ತಲೆಯಾಡಿಸಿ ಬೇಡವೆಂದಳು. ಕಾಯತಾನ ಅರ್ಥಮಾಡಿಕೊಂಡು ಸೌಟು ತೆಗೆದುಕೊಂಡ. ಅವನು ಬಗ್ಗಿ ಬಡಿಸುತ್ತಿದ್ದಾಗ ಸಾರು ಎಲೆಯ ಅಂಚಿನತ್ತ ಹರಿಯಿತು. ಅವಳು ಅದು ನೆಲಕ್ಕೆ ಬೀಳದಂತೆ ಎಲೆಯ ತುದಿಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಕೂತಳು.